ಟ್ಯಾಂಕರ್ ದುಡ್ಡು ಚದರಡಿ ಲೆಕ್ಕದಲ್ಲಿ ಬೇಡ, ಮನೆಮನೆಗೂ ಮೀಟರ್ ಹಾಕಿ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಲ್ಲಿ ಮೂರನೇ ಮಹಡಿಯ ಅಜ್ಜಿ ಎದ್ದು ನಿಂತು ಕೇಳಿದರು: "ನಾನೊಬ್ಬಳೇ ಇರೋದು ಕಣಪ್ಪ. ಐದು ಜನ ಇರೋ ಮನೆಯಷ್ಟೇ ಟ್ಯಾಂಕರ್ ದುಡ್ಡು ನಾನ್ಯಾಕೆ ಕೊಡಬೇಕು?" ಯಾರೂ ಬಾಯಿ ಬಿಡಲಿಲ್ಲ.

ನಮ್ಮಲ್ಲಿ ನೀರಿನ ಖರ್ಚೆಲ್ಲ ಮೇಂಟೆನೆನ್ಸ್‌ನಲ್ಲಿ ಸೇರಿಹೋಗಿದೆ, ಚದರಡಿಗೆ ಇಷ್ಟು ಅಂತ. ಗೇಟಿನ ಹತ್ರ ಜಲಮಂಡಳಿಯ ಒಂದು ಮೀಟರ್ ಇದೆ. ನೀರು ಸಂಪಿಗೆ ಬಿದ್ದು ಮೇಲಿನ ಟ್ಯಾಂಕಿಗೆ ಹೋದಮೇಲೆ ಯಾರ ಮನೇಲಿ ಎಷ್ಟು ಹರೀತು ಅಂತ ಯಾರಿಗೂ ಗೊತ್ತಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಮೂರು ಕಡೆ ಪಂಪ್ ಮಾಡಿ ಮೇಲೆತ್ತಿ ತರೋ ಕಾವೇರಿ ನೀರು ಅದು. ಒಂದು ಫ್ಲಶ್ ಟ್ಯಾಂಕ್ ತಿಂಗಳುಗಟ್ಟಲೆ ಸೋರಿದರೂ ಆ ಮನೆಯವರಿಗೆ ಬಿಸಿ ತಟ್ಟಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಸ್ನೋ ಅಂತ ಒಂದು ಊರಿದೆ. ಮಳೆ ತೀರಾ ಕಡಿಮೆ, ನಮ್ಮ ಬೆಂಗಳೂರಿನ ಮೂರನೇ ಒಂದು ಪಾಲೂ ಬೀಳಲ್ಲ. ಅಂಥಾ ಊರಲ್ಲೂ ಬಹುಕಾಲ ಮನೆಗಳಿಗೆ ಮೀಟರ್ ಇರಲಿಲ್ಲ, ತಿಂಗಳಿಗೆ ಒಂದೇ ದರ. ಕೆಳಗೆ ಅಂತರ್ಜಲ ಇಳೀತಾ ಹೋಯಿತು. ಕೊನೆಗೆ ರಾಜ್ಯದ ಕಾನೂನೇ ಒತ್ತಾಯ ಮಾಡಿತು, 2013ರ ಹೊತ್ತಿಗೆ ಮೀಟರ್ ಬಂತು, ನೀರಿನ ಬಳಕೆ ಇಳೀತು. 2024ರ ಬೇಸಿಗೇಲಿ ನಮ್ಮ ಬೋರ್‌ವೆಲ್‌ಗಳು ಬತ್ತಿದ್ದು ಯಾರೂ ಮರೆತಿಲ್ಲ ತಾನೆ?

ಕೆಲಸ ಸುಲಭ ಅನ್ನಲ್ಲ. ಹಳೇ ಕಟ್ಟಡದಲ್ಲಿ ಅಡುಗೆಮನೆಗೊಂದು, ಪ್ರತಿ ಬಚ್ಚಲಿಗೊಂದು ಅಂತ ಬೇರೆ ಬೇರೆ ಪೈಪು ಇಳಿದಿರುತ್ತೆ. ಹಾಗಾಗಿ ಒಂದೇ ಮನೆಗೆ ಮೂರ್ನಾಲ್ಕು ಮೀಟರ್ ಬೇಕಾಗುತ್ತೆ. ಆ ಖರ್ಚು ಓನರ್ ಕೊಡಬೇಕು, ಬಾಡಿಗೆಯವರ ತಲೆಗೆ ಕಟ್ಟಬಾರದು.

"ಮನೆ ತುಂಬಾ ಜನ ಇರೋರು ಏನು ಮಾಡಬೇಕು?" ಅಂತ ಮೀಟಿಂಗಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಮಾತು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರದ್ದೇ ಮಾನದಂಡ. ತಲೆಗೆ ಅಷ್ಟು ನೀರು ಕಡಿಮೆ ದರಕ್ಕೆ ಕೊಡೋಣ, ಅದರ ಮೇಲೆ ಬಳಸಿದ್ದಕ್ಕೆ ಟ್ಯಾಂಕರ್ ದರ ಹಾಕೋಣ. ಮೊದಲ ಮೂರು ತಿಂಗಳು ದುಡ್ಡು ಕೇಳೋದು ಬೇಡ. ಬರೀ ರೀಡಿಂಗ್ ಕೊಡೋಣ, ಅವರವರ ಸೋರಿಕೆ ಅವರವರ ಕಣ್ಣಿಗೆ ಬೀಳಲಿ.

ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಇದೆ. ಅಷ್ಟರಲ್ಲಿ ಯಾವ ಮನೆಗೆ ಎಷ್ಟು ಪೈಪು ಅಂತ ಎಣಿಸಿ ಕೊಡೋಕೆ ಪ್ಲಂಬರ್‌ಗೆ ಹೇಳಿದೀನಿ.