ಪುಟ್ಟ ಮಕ್ಕಳಿಗೆ ಅರಿವಳಿಕೆ ಕೊಟ್ಟು ಹಲ್ಲಿನ ಚಿಕಿತ್ಸೆ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಮಗುವಿಗೆ ಎಂಟು ಹಲ್ಲು ಹುಳುಕು, ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಸರಿಮಾಡಬೇಕು ಎಂದು ದಂತವೈದ್ಯರು ಹೇಳಿದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. "ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ" ಎನ್ನುವ ಮಾತೂ ಬರುತ್ತದೆ. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ದವಡೆಯ ಹಾಲುಹಲ್ಲುಗಳು ಮಾತ್ರ ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕಾದವು. ಅಲ್ಲಿ ಕೀವು ಕಟ್ಟಿದರೆ ಮಗು ಊಟ ಬಿಡುತ್ತದೆ, ನಿದ್ದೆಗೆಡುತ್ತದೆ, ಕೆನ್ನೆ ಊದುತ್ತದೆ.

ಎಲ್ಲರಿಗೂ ಅರಿವಳಿಕೆ ಬೇಕಿಲ್ಲ. ಹುಳುಕು ಚಿಕ್ಕದಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ತಡೆಯಬಹುದು. ಹುಳುಕಿದ ಜಾಗ ಕಪ್ಪಾಗುತ್ತದೆ, ನೋವಿರುವುದಿಲ್ಲ. ಕೀವಾದ ಹಲ್ಲಿಗೆ ಅದು ಸಾಲದು. ಹಾಳಾದ ಹಲ್ಲು ಹಲವು, ಮಗುವಿಗೆ ಬಾಯಿ ತೆರೆದು ಕೂರುವ ವಯಸ್ಸಲ್ಲ ಎಂದಾದರೆ, ನಾಲ್ಕು ಜನ ಹಿಡಿದುಕೊಂಡು ಹಲ್ಲು ಕೀಳುವುದಕ್ಕಿಂತ ಅರಿವಳಿಕೆಯೇ ಮೇಲು.

ಮೆದುಳಿಗೆ ತೊಂದರೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಸಿದ್ದು, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ. ಹಸುಗೂಸುಗಳಿಗೆ ಒಂದು ಗಂಟೆಯೊಳಗಿನ ಅರಿವಳಿಕೆ ಕೊಟ್ಟು, ಐದು ವರ್ಷ ತುಂಬಿದಾಗ ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಬುದ್ಧಿಮಟ್ಟದ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದಲೇ ಎಲ್ಲ ಹಲ್ಲಿನ ಕೆಲಸವೂ ಒಂದೇ ಸಲಕ್ಕೆ ಮುಗಿಯಬೇಕು. ಅರಿವಳಿಕೆ ನೋಡಿಕೊಳ್ಳಲೆಂದೇ ಬೇರೆ ವೈದ್ಯರು ಇರುತ್ತಾರೆಯೇ ಎಂದು ಮೊದಲೇ ಕೇಳಿ. ಹಲ್ಲು ನೋಡುವವರೇ ಅದನ್ನೂ ನೋಡಿಕೊಳ್ಳುವುದಾದರೆ ಒಪ್ಪಬೇಡಿ.

ಇನ್ನು ನಿಮ್ಮ ಕೈಯಲ್ಲಿರುವುದು: ಹೊಟ್ಟೆ ಖಾಲಿ ಇಡುವುದು. ಪ್ರಜ್ಞೆ ಇಲ್ಲದಾಗ ಕೆಮ್ಮಿ ಉಗುಳುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಊಟಕ್ಕೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು ಗಂಟೆ ಅಂತರ. ಎಡವುವುದು ಹಸುವಿನ ಹಾಲಿನಲ್ಲಿ. ಅದು ಹೊಟ್ಟೆಯಲ್ಲಿ ಗಡ್ಡೆಗಟ್ಟುತ್ತದೆ, ಹಾಗಾಗಿ ಊಟದ ಲೆಕ್ಕ. ರಾಗಿ ಗಂಜಿ, ಮಜ್ಜಿಗೆಯೂ ಹಾಗೆಯೇ. ಬೆಳಿಗ್ಗೆ ಎಂಟಕ್ಕೆ ಚಿಕಿತ್ಸೆ ಇದ್ದರೆ ರಾತ್ರಿ ಎರಡರ ನಂತರ ಇವು ಯಾವುದೂ ಬೇಡ; ಆರರವರೆಗೆ ನೀರು ಅಥವಾ ಗ್ಲೂಕೋಸ್ ನೀರು ಕೊಡಬಹುದು. ಹೆದರಿ ನೀರನ್ನೂ ನಿಲ್ಲಿಸಿದರೆ ಮಗು ಬಸವಳಿಯುತ್ತದೆ. ಆಸ್ಪತ್ರೆಯ ವೆರಾಂಡದಲ್ಲಿ ಯಾರಾದರೂ ಬಿಸ್ಕತ್ತು ಕೊಟ್ಟುಬಿಟ್ಟರೆ ಮುಚ್ಚಿಡಬೇಡಿ. ಚಿಕಿತ್ಸೆ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ನೆಗಡಿ ಜ್ವರವನ್ನೂ ಮುಚ್ಚಿಡಬಾರದು. ಕೆರಳಿದ ಗಂಟಲಿನಲ್ಲಿ ಧ್ವನಿತಂತುಗಳು ಬಿಗಿದುಕೊಂಡು ಉಸಿರೇ ಕಟ್ಟಬಹುದು. ಜ್ವರ, ಕಫದ ಕೆಮ್ಮು ಇದ್ದರೆ ಕನಿಷ್ಠ ಎರಡು ವಾರವಾದರೂ ಮುಂದೂಡುತ್ತಾರೆ. ಅಲುಗಾಡುವ ಹಲ್ಲಿದ್ದರೆ ಅದನ್ನೂ ತೋರಿಸಿ.

ಒಳಗೆ ಮೊದಲು ಮುಖವಾಡದಿಂದ ಸೀವೋಫ್ಲೂರೇನ್ ಅನಿಲ; ಮಗು ಮಲಗಿದ ಮೇಲೆ ಕೈಗೆ ಸೂಜಿ. ಬಾಯಿ ಕೆಲಸಕ್ಕೆ ಬೇಕಲ್ಲ, ಅದಕ್ಕೆ ಉಸಿರಾಟದ ಕೊಳವೆಯನ್ನು ಸಾಮಾನ್ಯವಾಗಿ ಮೂಗಿನಿಂದ ಇಳಿಸುತ್ತಾರೆ. ರಕ್ತ, ಹಲ್ಲಿನ ಚೂರು ಒಳಗಿಳಿಯದಂತೆ ಗಂಟಲಲ್ಲಿ ಬಟ್ಟೆಯ ಪಟ್ಟಿ ಇಟ್ಟರೆ, ಅದನ್ನು ಹಲಗೆಯ ಮೇಲೆ ಬರೆದಿಡುತ್ತಾರೆ. ಮರೆತು ಒಳಗೇ ಉಳಿದರೆ ಉಸಿರುದಾರಿ ಮುಚ್ಚಿಹೋಗುತ್ತದೆ. ಕೊಳವೆ ತೆಗೆಯುವ ಮೊದಲು ಅದು ಹೊರಬಂದಿದೆ ಎಂದು ಗಟ್ಟಿಯಾಗಿ ಹೇಳಿ ಬರೆದುಕೊಳ್ಳುವುದು ಅದಕ್ಕೇ. ಎಕ್ಸ್‌ರೇ ತೆಗೆದು, ಉಳಿಯುವ ಹಲ್ಲು ಉಳಿಸಿ, ಉಳಿಯದ್ದನ್ನು ಕೀಳುತ್ತಾರೆ. ಹೆಚ್ಚು ಹುಳುಕಿದ ದವಡೆ ಹಲ್ಲಿಗೆ ಸ್ಟೀಲ್ ಕ್ಯಾಪ್ ಬೇಡ, ಚೆಂದ ಕಾಣುವುದಿಲ್ಲ ಎನ್ನಬೇಡಿ. ಅಲ್ಲಿ ತುಂಬಿದ ಸಿಮೆಂಟು ಬೇಗ ಕಿತ್ತುಬರುತ್ತದೆ, ಮತ್ತೆ ಅರಿವಳಿಕೆಯ ಮಾತು ಬರುತ್ತದೆ.

ಎಚ್ಚರವಾದ ಮೊದಲ ಅರ್ಧ ಗಂಟೆ ಕೆಲವು ಮಕ್ಕಳು ಅಮ್ಮನನ್ನೂ ಗುರುತಿಸದೆ ಕೈಕಾಲು ಬಡಿದು ಅಳುತ್ತವೆ. ಗಾಬರಿ ಬೇಡ, ಬೀಳದಂತೆ ಹಿಡಿದುಕೊಳ್ಳಿ, ಇಳಿಯುತ್ತದೆ. ಉಗುಳು ಕೆಂಪಗಿರುವುದು, ಮೂಗಿನಿಂದ ಒಂದೆರಡು ಹನಿ ರಕ್ತ, ಗಂಟಲು ಕೆರೆತ ಸಹಜ. ತುಟಿ ಮರಗಟ್ಟಿದ್ದರೆ ಮಗು ಅದನ್ನೇ ಜಗಿದು ಗಾಯ ಮಾಡಿಕೊಳ್ಳುತ್ತದೆ, ಕಣ್ಣಿಟ್ಟಿರಿ. ಬಟ್ಟೆ ಕಚ್ಚಿಸಿ ಇಪ್ಪತ್ತು ನಿಮಿಷವಾದರೂ ರಕ್ತ ನಿಲ್ಲದಿದ್ದರೆ, ಉಸಿರೆಳೆಯುವಾಗ ಕೊರಕೊರ ಸದ್ದು ಬಂದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ.

ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟಿರುತ್ತಾರೆ. ಸಾಮಾನ್ಯ ಲೆಕ್ಕ ಕೆಜಿಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. 12 ಕೆಜಿ ಮಗುವಿಗೆ 180 ಮಿಲಿಗ್ರಾಂ. 5 ಮಿಲಿಗೆ 120 ಇರುವ ಬಾಟಲಿಯಾದರೆ ಏಳೂವರೆ ಮಿಲಿ. 250 ಇರುವುದಾದರೆ 3.6 ಮಿಲಿ ಮಾತ್ರ. ಎರಡೂ ನೋಡಲು ಒಂದೇ ಥರ ಇರುತ್ತವೆ, ಲೇಬಲ್ ಓದಿಯೇ ಅಳೆಯಿರಿ. ಆಸ್ಪಿರಿನ್ ಬೇಡವೇ ಬೇಡ.

ರಾತ್ರಿ ಬಾಟಲಿಯಲ್ಲಿ ಸಕ್ಕರೆ ಹಾಲು ಕುಡಿಯುತ್ತಾ ಮಲಗುವ ಅಭ್ಯಾಸ ಉಳಿದರೆ ಬಾಕಿ ಹಲ್ಲುಗಳಿಗೂ ವರ್ಷದೊಳಗೆ ಹುಳುಕು ಹಿಡಿಯಬಹುದು. ಬೆಳಿಗ್ಗೆ, ರಾತ್ರಿ ನೀವೇ ಉಜ್ಜಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್. ಮೂರು ತಿಂಗಳಿಗೆ ಮತ್ತೆ ತೋರಿಸಿ. ಕ್ಯಾಪ್ ಸಡಿಲವಾಗಿದ್ದರೆ ಎಚ್ಚರವಿರುವಾಗಲೇ ಅಂಟಿಸಬಹುದು.

ನಮಸ್ಕಾರ.