ಮೂವತ್ತೊಂಬತ್ತರ ಹುಡುಗ

ಕೇಳುಗರಿಗೆಲ್ಲ ನಮಸ್ಕಾರ. ಬೆಳಿಗ್ಗೆ ಐದೂವರೆಗೇ ಎದ್ದು ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಹೋಗುವ ಮಕ್ಕಳು, ಅವರನ್ನು ಸ್ಕೂಟರಿನಲ್ಲಿ ಬಿಟ್ಟು ಬರುವ ಅಪ್ಪ ಅಮ್ಮಂದಿರು, ಇವರನ್ನು ನೆನೆಸಿಕೊಂಡೇ ಮಾತಾಡುತ್ತೇನೆ. ಬ್ಯಾಸ್ಕೆಟ್‌ಬಾಲ್ ಕಲಿಸುವವನಾಗಿ ನನಗೆ ಸಿಟ್ಟು ತರಿಸುವ ಮಾತು ಒಂದೇ: "ಸಾರ್, ವಯಸ್ಸಾಯ್ತು." ಹೇಳಿದವನ ವಯಸ್ಸೆಷ್ಟು? 26! ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿರುತ್ತದೆ, ಬೂಟು ಅಟ್ಟ ಸೇರಿರುತ್ತದೆ.

ಅಂಥವರಿಗೆ ಇವತ್ತು ಫಿಲಿಪ್ಪೀನ್ಸಿನ ಬ್ಯಾಸ್ಕೆಟ್‌ಬಾಲ್ ಆಟಗಾರ ರಾಬರ್ಟ್ ಜವೋರ್ಸ್ಕಿಯ ಕಥೆ ಹೇಳುತ್ತೇನೆ.

ನಮಗೆ ಕ್ರಿಕೆಟ್ ಹೇಗೋ ಫಿಲಿಪ್ಪೀನ್ಸಿನವರಿಗೆ ಬ್ಯಾಸ್ಕೆಟ್‌ಬಾಲ್ ಹಾಗೆ. ಅಲ್ಲಿನ ಲೀಗ್ 1975ರಲ್ಲಿ ಶುರುವಾಯಿತು. ಏಷ್ಯಾದಲ್ಲಿ ಸಂಬಳ ಕೊಟ್ಟು ಆಡಿಸಿದ ಮೊದಲ ಬ್ಯಾಸ್ಕೆಟ್‌ಬಾಲ್ ಲೀಗ್ ಅದೇ. ತಂಡಗಳು ಊರಿನ ಹೆಸರಿನವಲ್ಲ, ಕಂಪನಿಗಳವು. ಒಂದು ಬಿಯರಿನದು, ಒಂದು ಜಿನ್ನಿನದು, ಇನ್ನೊಂದು ಮಾಂಸದ ಡಬ್ಬಿಯದು. ತಮಾಷೆ ಅನ್ನಿಸುತ್ತದೆ, ಅಲ್ವಾ? ಅಲ್ಲಿಯವರು ಅದಕ್ಕೇ ಪ್ರಾಣ ಬಿಡುತ್ತಾರೆ.

ಜವೋರ್ಸ್ಕಿ ಹುಟ್ಟಿದ್ದು 1946ರಲ್ಲಿ, ಬಾಗಿಯೊ ಎಂಬ ಬೆಟ್ಟದೂರಿನಲ್ಲಿ. ಲೀಗ್ ಶುರುವಾದಾಗ ಟೊಯೋಟಾ ತಂಡದಲ್ಲಿದ್ದರು. ಆಗ ಅವರಿಗೆ 29. ನಮ್ಮ ಹುಡುಗರ ಲೆಕ್ಕದಲ್ಲಿ ಬೂಟು ಅಟ್ಟಕ್ಕೆ ಹೋಗಿ ಮೂರು ವರ್ಷ! 1978ರಲ್ಲಿ ವರ್ಷದ ಶ್ರೇಷ್ಠ ಆಟಗಾರರಾದರು, 32ಕ್ಕೆ. ಆಮೇಲೆ ಟೊಯೋಟಾ ತಂಡವನ್ನೇ ಮುಚ್ಚಿ, ಆಟಗಾರರನ್ನು ಬೇರೊಂದು ಕಂಪನಿಗೆ ಒಪ್ಪಿಸಿತು. ಸಂತೆಯ ದನವೇ? ಜವೋರ್ಸ್ಕಿ ಒಪ್ಪಲಿಲ್ಲ. ಜಿನ್ ಕಂಪನಿಯ ತಂಡ ಸೇರಿದರು. ಅದೇ ಮುಂದೆ ಹಿನೆಬ್ರಾ ಎಂದು ಮನೆಮಾತಾಯಿತು. 1985ರಲ್ಲಿ ಅವರೇ ಕೋಚು, ಅವರೇ ಆಟಗಾರ.

ಈಗ ನನ್ನ ಇಷ್ಟದ ಕಥೆ. ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ, ನನ್ನ ಶಿಷ್ಯರಿಗೆ ಸಾಕಾಗಿದೆ. 1985ರ ಅಕ್ಟೋಬರ್ 22. ಎದುರಾಳಿ ಒಂದು ಸಿಮೆಂಟ್ ಕಂಪನಿಯ ತಂಡ. ಅವರ ಕಡೆಯ ಅಮೆರಿಕನ್ ಆಟಗಾರನ ಮೊಣಕೈ ಆಕಸ್ಮಿಕವಾಗಿ ಜವೋರ್ಸ್ಕಿಯ ಬಾಯಿಗೆ ಬಡಿಯಿತು. ತುಟಿ ಸೀಳಿತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಂಬತ್ತು ಹೊಲಿಗೆ! ನಾವಾಗಿದ್ದರೆ ಗಂಜಿ ಕುಡಿದು ಮಲಗುತ್ತಿದ್ದೆವು. ಕೋಚ್ ಇಲ್ಲದ ತಂಡ ಇತ್ತ ಸೋಲುತ್ತಲೇ ಇತ್ತು. ಕೊನೆಯ ಕಾಲುಭಾಗ. ಹಿನೆಬ್ರಾ 15 ಅಂಕ ಹಿಂದೆ. ಅಷ್ಟರಲ್ಲಿ ಬಾಗಿಲ ಕಡೆ ಗದ್ದಲ. ನೋಡಿದರೆ ಈ ಪುಣ್ಯಾತ್ಮ, ತುಟಿಗೆ ಪಟ್ಟಿ ಹಾಕಿಸಿಕೊಂಡು ಬಂದಿದ್ದಾರೆ! ಸುಮ್ನೆ ಬೆಂಚಿನಲ್ಲಿ ಕೂರಲಿಕ್ಕಲ್ಲ, ಕೋರ್ಟಿಗೇ ಇಳಿದರು. ಜನ ಕೂಗಿದ ಕೂಗಿಗೆ ಎದುರಾಳಿಗಳ ಕೈಕಾಲೇ ಆಡಲಿಲ್ಲ. 15 ಅಂಕ ಕರಗಿತು. ಹಿನೆಬ್ರಾ ಗೆದ್ದಿತು. ಅವತ್ತಿನ ವಯಸ್ಸು? 39. ಇನ್ನೊಮ್ಮೆ ಹೇಳುತ್ತೇನೆ, ಮೂವತ್ತೊಂಬತ್ತು.

ಅಯ್ಯೋ, ಸ್ಟುಡಿಯೊ ಗಾಜಿನಾಚೆಯಿಂದ ಎರಡೇ ನಿಮಿಷ ಎಂದು ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ. ಹಿನೆಬ್ರಾಗೆ ಮೊದಲ ಪ್ರಶಸ್ತಿ 1986ರಲ್ಲಿ, ಅವರ 40ಕ್ಕೆ. ಹಳೆಯ ಜೊತೆಗಾರ ರಮೋನ್ ಫೆರ್ನಾಂಡೆಸ್ ಜೊತೆ ವರ್ಷಗಟ್ಟಲೆ ಮುನಿಸಿತ್ತು. 1989ರಲ್ಲಿ ಲೀಗಿನ ಆಯ್ದ ಆಟಗಾರರ ಆಲ್‌ಸ್ಟಾರ್ ಪಂದ್ಯದಲ್ಲಿ ಇಬ್ಬರೂ ಒಂದೇ ತಂಡ. ಕೊನೆಯ ಗಳಿಗೆಯಲ್ಲಿ ಜವೋರ್ಸ್ಕಿ ಚೆಂಡು ಕೊಟ್ಟರು, ಫೆರ್ನಾಂಡೆಸ್ ಬುಟ್ಟಿಗೆ ಹಾಕಿದರು, ತಂಡ ಗೆದ್ದಿತು. ಆ ತಂಡದ ಕೋಚ್ ಇಬ್ಬರ ಕೈ ಕುಲುಕಿಸಿದರು. ಇದಕ್ಕೇ ಒಂದು ಭಾಷಣ ಬೇಕಿತ್ತು, ಇರಲಿ. ಜವೋರ್ಸ್ಕಿ ಐವತ್ತು ತುಂಬಿದ ಮೇಲೂ ಆಡಿದರು. 1998ರಲ್ಲಿ ಸೆನೆಟರ್ ಆದರು. 2012ರಲ್ಲಿ ಅವರ 7ನೇ ನಂಬರನ್ನು ಇನ್ಯಾರಿಗೂ ಕೊಡುವುದಿಲ್ಲ ಎಂದು ತಂಡ ತೆಗೆದಿಟ್ಟಿತು.

ಸಮಯ ಮುಗಿಯಿತಂತೆ. ಅಟ್ಟದ ಮೇಲಿನ ಬೂಟನ್ನು ಇಲಿ ಕಡಿಯುವ ಮೊದಲು ಇಳಿಸಿ. ನಮಸ್ಕಾರ.