ಬ್ಲೂ ಮಂಡೇ: ಟ್ಯೂನು ಬೀಟಿನ ಮೇಲೆ ಸರಿಯಾಗಿ ಕೂರುವುದಿಲ್ಲ ಯಾಕೆ?

(ತೆರೆಯ ಮೇಲೆ: ಧಾರವಾಡದ ಮನೆ, ಕಿಟಕಿಯ ಬೆಳಕಲ್ಲಿ ಕಸೂತಿ ಹಾಕುತ್ತಿರುವ ಕೈ)

ನಮಸ್ಕಾರ. ಹುಬ್ಬಳ್ಳಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ, ಮದುವೆಗಳಲ್ಲಿ ಡಿಜೆ. ಹೋದ ವಾರ ಕೇಳಿದ: "ನ್ಯೂ ಆರ್ಡರ್‌ದವರ ಬ್ಲೂ ಮಂಡೇ ಐತಲ್ಲ, ಅದರಾಗ ಟ್ಯೂನು ಬೀಟಿನ ಮ್ಯಾಲೆ ಸರಿಯಾಗಿ ಕೂಡಂಗಿಲ್ಲ. ಆದ್ರೂ ಕಾಲು ಯಾಕ ಕುಣೀತಾವ?"

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಜಾಯ್ ಡಿವಿಷನ್ ತಂಡದ ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತೀರಿಕೊಂಡರು. ಉಳಿದವರು ಕಟ್ಟಿಕೊಂಡ ತಂಡವೇ ನ್ಯೂ ಆರ್ಡರ್. ಅವರ ಬ್ಲೂ ಮಂಡೇ ಹಾಡು ಸಿಂಗಲ್ ಆಗಿ, ಅಂದರೆ ಒಂದು ಹಾಡನ್ನೇ ಮುಂದಿಟ್ಟ ರೆಕಾರ್ಡ್ ಆಗಿ, ಬಂದದ್ದು 1983ರ ಮಾರ್ಚ್‌ನಲ್ಲಿ.

ಈಗ ಅಸಲಿ ವಿಷಯ. ಇವತ್ತು ಲ್ಯಾಪ್‌ಟಾಪಿನಲ್ಲಿ ಸ್ವರವನ್ನು ಮೌಸಿನಿಂದ ಎಳೆದು ಕೂರಿಸಬಹುದು. ಆಗ ಅದಿರಲಿಲ್ಲ. ಅವರ ಹತ್ತಿರ ಇದ್ದದ್ದು ತಂಡದ ಗಾಯಕ ಬರ್ನಾರ್ಡ್ ಸಮ್ನರ್ ಬಿಡಿಭಾಗ ಜೋಡಿಸಿ ತಾವೇ ಕಟ್ಟಿದ ಸೀಕ್ವೆನ್ಸರ್, ಅಂದರೆ ತುಂಬಿಟ್ಟ ಸ್ವರಗಳನ್ನು ಸಾಲಾಗಿ ನುಡಿಸುವ ಯಂತ್ರ. ತಂಡದಲ್ಲಿ ಕೀಬೋರ್ಡ್ ನುಡಿಸುವ ಗಿಲಿಯನ್ ಗಿಲ್ಬರ್ಟ್ ಅದಕ್ಕೆ ಒಂದೊಂದೇ ಸ್ವರ ತುಂಬಬೇಕಿತ್ತು. ಎ4 ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಸ್ಟುಡಿಯೋ ಉದ್ದಕ್ಕೂ ಹಾಸಿ, ಇಡೀ ಲೆಕ್ಕ ಬರೆದುಕೊಂಡಿದ್ದರು. ಅವರು ಅದನ್ನು ಹೆಣಿಗೆಯ ನಕ್ಷೆಗೆ ಹೋಲಿಸಿದ್ದಾರೆ.

ನನಗೆ ನೆನಪಾದದ್ದು ನಮ್ಮ ಕಸೂತಿ!

(ತೆರೆಯ ಮೇಲೆ: ಚಂದ್ರಕಾಳಿ ಸೀರೆಯ ಸೆರಗು, ಗೋಪುರ, ತೇರು)

ಸ್ವಲ್ಪ ಇಲ್ಲೇ ನಿಲ್ಲೋಣ, ಇದು ನನಗೆ ತುಂಬಾ ಇಷ್ಟದ ಜಾಗ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಗಂಟೂ ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಸೂಜಿ ಹೋಗುತ್ತದೆ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಮುರ್ಗಿ ಎಂಬ ಇನ್ನೊಂದು ಹೊಲಿಗೆಯಲ್ಲಿ ಅದೇ ಎಣಿಕೆ ಮೆಟ್ಟಿಲಂತೆ ಏರುತ್ತದೆ. ನಡುವೆ ಒಂದೇ ಒಂದು ಎಳೆ ತಪ್ಪಿದರೂ ಮುಂದಿನ ಮೆಟ್ಟಿಲೆಲ್ಲ ಪಕ್ಕಕ್ಕೆ ಜರುಗುತ್ತದೆ, ಗೋಪುರದ ಕಳಸ ನೆತ್ತಿಯ ಮೇಲೆ ಕೂರುವುದಿಲ್ಲ. ಚಿಕ್ಕಂದಿನಲ್ಲಿ ಅವ್ವನನ್ನು ಮಾತಾಡಿಸಲು ಹೋದರೆ ಒಂದೇ ಉತ್ತರ: "ಸುಮ್ಕುಂದ್ರೋ, ಎಣಿಕಿ ತಪ್ತೈತಿ!"

ಗಿಲಿಯನ್ ಎಣಿಕೆ ತಪ್ಪಿದ್ದೂ ಹೀಗೆಯೇ. ಒಂದು ಸ್ವರ ಬಿಟ್ಟುಹೋಯಿತು. ಹಿಂದಿನ ಸ್ವರ ಹೋದರೆ ಮುಂದಿನದು ಅದರ ಜಾಗಕ್ಕೆ ಬರುತ್ತದೆ, ಅಲ್ವಾ? ಟ್ಯೂನು ಜರುಗಿತು. ಡ್ರಮ್ ಮಷೀನು ಮಾತ್ರ ತನ್ನ ಪಾಡಿಗೆ ನೇರವಾಗಿ ಬಡಿಯುತ್ತಲೇ ಇತ್ತು.

ಅವ್ವ ಆಗಿದ್ದರೆ ದಾರ ಬಿಚ್ಚುತ್ತಿದ್ದರು. ಇವರು ಬಿಚ್ಚಲಿಲ್ಲ, ಹಾಗೆಯೇ ಬಿಟ್ಟರು. ಗೆಳೆಯನ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಕಾಲು ಡ್ರಮ್ಮನ್ನು ನಂಬುತ್ತದೆ. ಕಿವಿ ಟ್ಯೂನಿನ ಹಿಂದೆ ಹೋಗುತ್ತದೆ. ಎರಡೂ ಈಗ ಕೂಡುತ್ತವೆ, ಈಗ ಕೂಡುತ್ತವೆ ಎಂದು ಕಾಯುತ್ತಾ ನಾವು ಕುಣಿಯುತ್ತಲೇ ಇರುತ್ತೇವೆ.

ಸಮಯ ಕಡಿಮೆ ಇದೆ, ಉಳಿದದ್ದು ಚುಟುಕಾಗಿ. ಹಾಡು ಏಳೂವರೆ ನಿಮಿಷ. ಪೀಟರ್ ಸ್ಯಾವಿಲ್ ಮಾಡಿದ ಕವರ್ ಥೇಟ್ ಫ್ಲಾಪಿ ಡಿಸ್ಕ್. ಅದರ ಮೇಲೆ ಹಾಡಿನ ಹೆಸರನ್ನೂ ಬಣ್ಣದ ಚೌಕಗಳ ಗುಟ್ಟಿನ ಲಿಪಿಯಲ್ಲೇ ಬರೆದಿದ್ದಾರೆ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಇದೇ.

ಈಗ ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲು ಬರೀ ಡ್ರಮ್ ಬರುತ್ತದೆ, ಕಾಲಿನಿಂದ ತಾಳ ಹಾಕಿ. ಟ್ಯೂನು ಒಳಗೆ ಬಂದ ಮೇಲೂ ತಾಳ ಬಿಡಬೇಡಿ. ಆ ತಪ್ಪಿದ ಎಳೆ ಅಲ್ಲೇ ಸಿಗುತ್ತದೆ.